ಆಕರಕೋಶ: ಆಸೆಯೂ ಲೆಕ್ಕವೂ

ಹೋದ ವರುಷ ಶ್ರಾವಣಮಾಸದ ಒಂದು ಸಂಜೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಗೃಹಸ್ಥರೊಬ್ಬರು ನಮ್ಮ ಮನೆಗೆ ಬಂದರು. ಚಿಕ್ಕಂದಿನಲ್ಲಿ ನನ್ನ ಕೈಯಲ್ಲಿ ಕಲಿತವರು; ಈಗ ನವಲಗುಂದದ ಕಡೆಗೆ ಹಿರಿಯರಿಂದ ಬಂದ ಎರೆಹೊಲವನ್ನು ನೋಡಿಕೊಂಡು ಇರುವವರು. ಅವರ ಒಂಬತ್ತು ವರುಷದ ಮಗನಿಗೆ ಡುಶೆನ್ ಎಂಬ ಹುಟ್ಟುರೋಗ. ಮಾಂಸಖಂಡಗಳು ದಿನದಿನಕ್ಕೆ ಬಲಗುಂದುತ್ತ ಹೋಗಿ, ಓಡುತ್ತಿದ್ದ ಕೂಸು ನಡೆಯಲಾರದಂತಾಗುವದು ಆ ರೋಗದ ಲಕ್ಷಣ. ಗೃಹಸ್ಥರು ಚೀಲದಿಂದ ಹೊಳಪುಕಾಗದದ ಒಂದು ಪುಸ್ತಿಕೆಯನ್ನು ತೆಗೆದು ನನ್ನ ಮುಂದೆ ಇಟ್ಟರು. ದೂರದ ಒಂದು ದೊಡ್ಡ ಪಟ್ಟಣದಲ್ಲಿ ಸ್ಟೆಮ್‌ಸೆಲ್ ಚಿಕಿತ್ಸೆಯಿಂದ ಇಂಥ ಮಕ್ಕಳು ಎದ್ದು ನಡೆಯುವರೆಂದು ಅದರಲ್ಲಿ ಬರೆದಿತ್ತು. ನಗುವ ಮಕ್ಕಳ ಚಿತ್ರಗಳೂ ಇದ್ದವು. ಕೇಳಿದ ಹಣ ಹನ್ನೆರಡು ಲಕ್ಷ.

“ಮಾಸ್ತರ, ನಾಲ್ಕ ಎಕರೆ ಹೊಲಾ ಕೊಟ್ರ ರೊಕ್ಕಾ ಆಗ್ತದ್ರಿ. ಕೊಡ್ಲೇನ್ರಿ? ನೀವ ಹೇಳ್ರಿ,” ಎಂದರು.

ನಾನು ವೈದ್ಯನಲ್ಲ, ಇತಿಹಾಸದ ವಿದ್ಯಾರ್ಥಿ. ಎಂಟು ದಿವಸ ಅವಧಿ ಕೇಳಿಕೊಂಡು ಅವರನ್ನು ಕಳುಹಿಸಿದೆನು. ಆ ಎಂಟು ದಿವಸಗಳಲ್ಲಿಯೂ ಅನಂತರವೂ ಓದಿ, ವೈದ್ಯಮಿತ್ರರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ಈ ಲೇಖದಲ್ಲಿ ಕ್ರಮವಾಗಿ ಹೇಳುವೆನು. ಇಂಥ ಪುಸ್ತಿಕೆಗಳು ಇಂದು ಹಲವು ಸುಶಿಕ್ಷಿತ ಮನೆಗಳ ಬಾಗಿಲಿಗೆ ಬರುತ್ತಿರುವದರಿಂದ ಈ ವಿಷಯವು ಒಬ್ಬರ ಮನೆಗೆ ಮಾತ್ರ ಸಂಬಂಧಿಸಿದುದಲ್ಲ.

ಮೊದಲು ಹೆಸರಿನ ಮಾತು. ಇಂಗ್ಲಿಷಿನವರು ಸ್ಟೆಮ್‌ಸೆಲ್ ಎನ್ನುವ ವಸ್ತುವಿಗೆ ಕನ್ನಡದಲ್ಲಿ ಕಾಂಡಕೋಶ, ಮೂಲಕೋಶ, ಆಕರಕೋಶ ಎಂಬ ಹೆಸರುಗಳು ಬಳಕೆಗೆ ಬಂದಿರುವವು. ಆಕರವೆಂದರೆ ಗಣಿ, ಹುಟ್ಟುವ ಸ್ಥಾನ. ಕೆಲಸಕ್ಕೆ ಒಪ್ಪುವ ಹೆಸರಾದ್ದರಿಂದ ಅದನ್ನೇ ಇಲ್ಲಿ ಉಪಯೋಗಿಸಿರುವೆನು. ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದ ಕಟ್ಟಲ್ಪಟ್ಟಿರುವದು. ಇವುಗಳಲ್ಲಿ ಬಹುತೇಕ ಕೋಶಗಳು ಒಂದೊಂದು ಕೆಲಸಕ್ಕೆ ಕಟ್ಟುಬಿದ್ದವು. ಆ ಕೆಲಸ ಮುಗಿದ ಮೇಲೆ ಸಾಯತಕ್ಕವು. ರಕ್ತದ ಕೆಂಪುಕಣವೊಂದರ ಆಯುಷ್ಯ ಸುಮಾರು ೧೨೦ ದಿವಸ. ಸತ್ತವುಗಳ ಸ್ಥಾನವನ್ನು ತುಂಬುವದಕ್ಕಾಗಿ ಪ್ರೌಢ ಮನುಷ್ಯನ ಶರೀರದಲ್ಲಿ ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಕೋಟಿ ಹೊಸ ಕೆಂಪುಕಣಗಳು ಹುಟ್ಟಬೇಕಾಗುವವು. ಇವು ಹುಟ್ಟುವದು ಎಲುಬಿನೊಳಗಿನ ಮಜ್ಜೆಯಲ್ಲಿರುವ ಕೆಲವೇ ಆಕರಕೋಶಗಳ ಸಂತತಿಯಿಂದ.

ಈ ಕೋಶದ ವಿಶೇಷವನ್ನು ನಮ್ಮ ಅಡಿಗೆಮನೆಯ ಹೆಪ್ಪಿನಿಂದ ತಿಳಿಯಬಹುದು. ನಿನ್ನೆಯ ಮೊಸರಿನಲ್ಲಿ ಒಂದು ಚಮಚವನ್ನು ಎತ್ತಿಟ್ಟು ಇಂದಿನ ಹಾಲಿಗೆ ಹಾಕುವೆವು. ಇಂದಿನ ಮೊಸರಿನಲ್ಲಿ ಉಂಡು ಉಳಿದುದರಿಂದ ಮತ್ತೆ ಒಂದು ಚಮಚವನ್ನು ನಾಳೆಗಾಗಿ ಎತ್ತಿಡುವೆವು. ಉಣ್ಣುವದಕ್ಕೂ ಆಯಿತು, ಹೆಪ್ಪೂ ತೀರಲಿಲ್ಲ. ಆಕರಕೋಶವು ಇದೇ ಮೇರೆಗೆ ಒಡೆದು ಎರಡಾದಾಗ ಒಂದು ಪಾಲು ಕೆಲಸದ ಕೋಶಗಳಾಗುವದು, ಇನ್ನೊಂದು ಪಾಲು ಆಕರವಾಗಿಯೇ ಉಳಿಯುವದು. ಆದರೆ ಹೋಲಿಕೆಯ ಇನ್ನೊಂದು ಮಗ್ಗಲನ್ನೂ ಮರೆಯಬಾರದು. ಮೊಸರಿನ ಹೆಪ್ಪಿನಿಂದ ಮೊಸರೇ ಆಗುವದಲ್ಲದೆ ಬೆಲ್ಲವಾಗದು. ಮಜ್ಜೆಯಲ್ಲಿಯ ರಕ್ತದ ಆಕರಕೋಶದಿಂದ ರಕ್ತವೇ ಹುಟ್ಟುವದು. ಅದನ್ನು ಬೆನ್ನುಹುರಿಯಲ್ಲಿ ಚುಚ್ಚಿದ ಮಾತ್ರಕ್ಕೆ ಅದು ನರವಾಗಲಾರದು, ಕಾಲಿನಲ್ಲಿ ಚುಚ್ಚಿದ ಮಾತ್ರಕ್ಕೆ ಮಾಂಸಖಂಡವಾಗಲಾರದು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದು ಸುಲಭವಾಗಿ ತಿಳಿಯುವದು.

ನಮ್ಮ ಆಯುರ್ವೇದದವರು ಮಜ್ಜೆಯನ್ನು ಸಪ್ತಧಾತುಗಳಲ್ಲಿ ಎಣಿಸಿದ್ದರು. ಆದರೆ ರಕ್ತವು ರಸಧಾತುವಿನಿಂದ ಹುಟ್ಟುವದೆಂದು ಅವರ ಮತವಾಗಿತ್ತು. ಮಜ್ಜೆಯೇ ರಕ್ತದ ತವರುಮನೆಯೆಂಬದನ್ನು ೧೮೬೮ನೆಯ ಇಸವಿಯಲ್ಲಿ ಕೋನಿಗ್ಸ್‌ಬರ್ಗ್ ನಗರದ ಅರ್ನ್‌ಸ್ಟ್ ನಾಯ್ಮನ್ ಎಂಬ ಪಂಡಿತರು ಪ್ರಕಟಿಸಿದರು. ಅದೇ ೧೮೬೮ರಲ್ಲಿ ಅರ್ನ್‌ಸ್ಟ್ ಹೆಕೆಲ್ ಎಂಬ ಇನ್ನೊಬ್ಬ ಜರ್ಮನ್ ಪಂಡಿತರು ತಮ್ಮ ಗ್ರಂಥದಲ್ಲಿ ‘ಶ್ಟಾಮ್‌ಟ್ಸೆಲ್ಲೆ’ ಎಂಬ ಪದವನ್ನು ಉಪಯೋಗಿಸಿದರು. ಇಂದಿನ ಹೆಸರು ಅದರಿಂದಲೇ ಬಂದುದು. ೧೯೦೯ರಲ್ಲಿ ರಶಿಯಾದ ಅಲೆಕ್ಸಾಂಡರ್ ಮಾಕ್ಸಿಮೋವ್ ಅವರು ರಕ್ತದ ಬಗೆಬಗೆಯ ಕಣಗಳಿಗೆಲ್ಲ ತಾಯಿಯು ಒಂದೇ ಎಂದು ವಾದಿಸಿದರು. ಆದರೆ ಇದೆಲ್ಲ ಸೂಕ್ಷ್ಮದರ್ಶಕದಲ್ಲಿ ಕಂಡ ನೋಟ ಮತ್ತು ಅದರಿಂದ ಮಾಡಿದ ಊಹೆ. ಊಹೆಯು ಚಿಕಿತ್ಸೆಯಾಗಬೇಕಾದರೆ ಒಂದು ಮಹಾಯುದ್ಧವೇ ನಡೆಯಬೇಕಾಯಿತು.

೧೯೪೫ರ ಆಗಸ್ಟ ತಿಂಗಳಲ್ಲಿ ಹಿರೋಶಿಮಾ ನಾಗಾಸಾಕಿಗಳ ಮೇಲೆ ಬಾಂಬು ಬಿದ್ದಾಗ, ಸುಟ್ಟು ಸಾಯದೆ ಉಳಿದವರಲ್ಲಿ ಬಹು ಜನರು ಕೆಲವು ವಾರಗಳಾದ ಮೇಲೆ ರಕ್ತಸ್ರಾವದಿಂದಲೂ ಸೋಂಕುಗಳಿಂದಲೂ ಸತ್ತರು. ಅಣುಕಿರಣಗಳು ಅವರ ಮಜ್ಜೆಯನ್ನು ಕೊಂದಿದ್ದವು. ಇದಕ್ಕೆ ಪರಿಹಾರವನ್ನು ಹುಡುಕುತ್ತಿದ್ದ ಶಿಕಾಗೋದ ಲಿಯಾನ್ ಜೇಕಬ್ಸನ್ ಅವರು ೧೯೪೯ರಲ್ಲಿ ಒಂದು ವಿಚಿತ್ರವನ್ನು ಕಂಡರು: ಇಲಿಯ ಪ್ಲೀಹವೊಂದನ್ನು ಸೀಸದಿಂದ ಮರೆಮಾಡಿ ಮಿಕ್ಕ ಶರೀರಕ್ಕೆ ಕಿರಣವನ್ನು ಹಾಯಿಸಿದರೆ, ಸಾಯಬೇಕಾದ ಇಲಿ ಬದುಕುವದು. ಇಲಿಯ ಪ್ಲೀಹದಲ್ಲಿಯೂ ರಕ್ತ ಹುಟ್ಟುವದುಂಟು. ಮುಂದೆ ಸ್ವಲ್ಪ ಕಾಲದಲ್ಲಿಯೇ, ಇನ್ನೊಂದು ಇಲಿಯ ಮಜ್ಜೆಯನ್ನು ನರದಲ್ಲಿ ಸೇರಿಸಿದರೂ ಅದೇ ಫಲ ದೊರೆಯುವದೆಂದು ಕಂಡುಬಂದಿತು. ಹಾಗಾದರೆ ರಕ್ತದ ಅರ್ಬುದವುಳ್ಳ ರೋಗಿಯ ಕೆಟ್ಟ ಮಜ್ಜೆಯನ್ನು ಕೊಂದು, ಬೇರೊಬ್ಬರ ಒಳ್ಳೆಯ ಮಜ್ಜೆಯನ್ನು ಏಕೆ ನೆಡಬಾರದು?

೧೯೫೭ನೆಯ ಇಸವಿಯು ಹುಬ್ಬಳ್ಳಿಯವರಿಗೆ ನೆನಪಿರತಕ್ಕದ್ದು. ಇಂದಿಗೂ ಜನರು ಕಿಮ್ಸ್ ಎಂದು ಕರೆಯುವ ಕರ್ನಾಟಕ ವೈದ್ಯಕೀಯ ಕಾಲೇಜು ಆ ವರುಷವೇ ಆರಂಭವಾಯಿತು. ಅದೇ ವರುಷ ಅಮೇರಿಕೆಯ ಡೊನಾಲ್ ಥಾಮಸ್ ಎಂಬ ವೈದ್ಯರು ಆರು ಜನ ರೋಗಿಗಳಿಗೆ ಪರರ ಮಜ್ಜೆಯನ್ನು ಕೊಟ್ಟ ವರದಿಯನ್ನು ಪ್ರಕಟಿಸಿದರು. ಆರೂ ಜನರು ನೂರು ದಿವಸಗಳೊಳಗೆ ಸತ್ತಿದ್ದರು. ಇದನ್ನು ಥಾಮಸರು ಮುಚ್ಚಿಡಲಿಲ್ಲ. ಯಾರಲ್ಲಿ ಮಜ್ಜೆ ನಾಟಿತು, ಯಾರಲ್ಲಿ ನಾಟಲಿಲ್ಲ ಎಂಬದನ್ನು ಒಂದೊಂದಾಗಿ ಬರೆದರು. ಅನಂತರದ ಹನ್ನೆರಡು ವರುಷಗಳಲ್ಲಿ ಬೇರೆ ಬೇರೆ ದೇಶಗಳ ವೈದ್ಯರು ಸುಮಾರು ಇನ್ನೂರು ರೋಗಿಗಳಲ್ಲಿ ಈ ಪ್ರಯೋಗವನ್ನು ಮಾಡಿದರು. ಬಹುತೇಕ ಎಲ್ಲರೂ ಸತ್ತರು. ಮಜ್ಜೆಯು ನಾಟದೆ ಕೆಲವರು. ನಾಟಿದ ಮಜ್ಜೆಯು ರೋಗಿಯ ಶರೀರವನ್ನೇ ಪರಕೀಯವೆಂದು ಬಗೆದು ತೊಗಲು, ಕರುಳು, ಯಕೃತ್ತುಗಳ ಮೇಲೆ ಬಿದ್ದುದರಿಂದ ಕೆಲವರು. ಅನೇಕರು ಬೇಸತ್ತು ಕೈಬಿಟ್ಟರು. ಥಾಮಸರು ನಾಯಿಗಳಲ್ಲಿ ಪ್ರಯೋಗ ಮಾಡುತ್ತ ಉಳಿದರು.

ಇಷ್ಟರಲ್ಲಿ ಫ್ರಾನ್ಸಿನ ಜಾಂ ಡೌಸೆ ಅವರು ೧೯೫೮ರಲ್ಲಿ ಬಿಳಿಯ ರಕ್ತಕಣಗಳ ಮೇಲಿನ ಗುರುತುಗಳನ್ನು ಕಂಡುಹಿಡಿದಿದ್ದರು. ಈ ಗುರುತುಗಳು ಹೊಂದಿದರೆ ಮಾತ್ರ ಒಬ್ಬರ ಮಜ್ಜೆ ಇನ್ನೊಬ್ಬರಿಗೆ ಒಗ್ಗುವದೆಂಬದು ಕ್ರಮೇಣ ಸಿದ್ಧವಾಯಿತು. ಒಡಹುಟ್ಟಿದವರಲ್ಲಿ ಇವು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು. ೧೯೬೧ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಎಂಬ ಇಬ್ಬರು ಪಂಡಿತರು ಇಲಿಗಳ ಪ್ಲೀಹದಲ್ಲಿ ಎದ್ದ ಗಂಟುಗಳನ್ನು ಎಣಿಸಿ, ರಕ್ತದ ಆಕರಕೋಶವು ಊಹೆಯಲ್ಲ, ವಸ್ತುಸ್ಥಿತಿಯೆಂದು ತೋರಿಸಿದರು. ೧೯೬೮ರಲ್ಲಿ ರಾಬರ್ಟ್ ಗುಡ್ ಅವರು ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ ಕೂಸೊಂದಕ್ಕೆ ಅದರ ಅಕ್ಕನ ಮಜ್ಜೆಯನ್ನು ಕೊಟ್ಟು ಬದುಕಿಸಿದರು. ಥಾಮಸರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆರು ಸಾವುಗಳಿಂದ ಆ ಮನ್ನಣೆಯ ವರೆಗೆ ಮೂವತ್ತಮೂರು ವರುಷ.

ನಮ್ಮ ದೇಶದಲ್ಲಿ ಮೊದಲನೆಯ ಮಜ್ಜೆಯ ನಾಟಿಯು ೧೯೮೩ನೆಯ ಮಾರ್ಚ ೨೦ರಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾಕ್ಟರ ಸುರೇಶ ಅಡವಾಣಿಯವರಿಂದ ಆಯಿತು. ರೋಗಿಯು ರಕ್ತದ ಅರ್ಬುದವಿದ್ದ ಒಂಬತ್ತು ವರುಷದ ಹುಡುಗಿ, ಮಜ್ಜೆ ಕೊಟ್ಟವನು ಅವಳ ಸಹೋದರ. ೧೯೮೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಕಾರ್ಯವು ಆರಂಭವಾಗಿ ಇಂದು ಬೆಂಗಳೂರನ್ನೂ ಒಳಗೊಂಡು ಅನೇಕ ನಗರಗಳಲ್ಲಿ ನಡೆದಿರುವದು. ರಕ್ತದ ಅರ್ಬುದಗಳು, ಮಜ್ಜೆಯು ಬತ್ತಿಹೋಗುವ ರೋಗ, ಥಲಸೀಮಿಯ, ಕುಡಗೋಲುಕಣದ ರೋಗ ಇವೇ ಮೊದಲಾದವುಗಳಲ್ಲಿ ಯೋಗ್ಯ ರೋಗಿಗೆ ಇದು ಒಪ್ಪಿತವಾದ ಚಿಕಿತ್ಸೆ. ತಿಂಗಳು ತಿಂಗಳು ಪರರ ರಕ್ತದ ಮೇಲೆ ಬದುಕುವ ಥಲಸೀಮಿಯದ ಕೂಸು, ಹೊಂದುವ ಅಣ್ಣನೋ ತಂಗಿಯೋ ಇದ್ದು ಎಳೆಯ ವಯಸ್ಸಿನಲ್ಲಿಯೇ ನಾಟಿಯಾದರೆ, ಪರರ ರಕ್ತದ ಹಂಗಿಲ್ಲದೆ ಬೆಳೆಯುವದನ್ನು ವೈದ್ಯರು ಇಂದು ಸಾಮಾನ್ಯವಾಗಿ ಕಾಣುತ್ತಿರುವರು. ಇಂಥ ಬಡಮಕ್ಕಳಿಗಾಗಿ ಹತ್ತು ಲಕ್ಷ ರೂಪಾಯಿಯ ವರೆಗೆ ನೆರವು ಕೊಡುವ ಯೋಜನೆಯೊಂದು ಕೇಂದ್ರ ಸರಕಾರದ ಮುಖಾಂತರ ಕೋಲ್ ಇಂಡಿಯಾದವರ ಹಣದಿಂದ ೧೯೧೭ರ ನೂರು ವರುಷಗಳ ತರುವಾಯ, ಅಂದರೆ ೨೦೧೭ರಲ್ಲಿ, ಆರಂಭವಾಯಿತು. ಹೀಗಾಗಿ ಆಕರಕೋಶದ ಚಿಕಿತ್ಸೆಯೆಂದರೆ ಎಲ್ಲವೂ ಮೋಸವೆಂದು ಹೇಳುವವರು ಅಜ್ಞಾನದಿಂದ ಹೇಳುವರು.

ಆದರೆ ಈ ಚಿಕಿತ್ಸೆಗೆ ಮನ್ನಣೆ ಬಂದುದು ಹೇಗೆ? ಸತ್ತವರನ್ನೂ ಬದುಕಿದವರನ್ನೂ ಮುಚ್ಚುಮರೆಯಿಲ್ಲದೆ ಎಣಿಸಿದ್ದರಿಂದ. ಇಂಥ ಎಣಿಕೆಯು ನಮ್ಮ ಊರಿಗೆ ಹೊಸದಲ್ಲ. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿ, ಜನರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಾಲವನ್ನು ನಮ್ಮ ಅಜ್ಜಂದಿರು ಅವರ ಹಿರಿಯರಿಂದ ಕೇಳಿದ್ದರು. ಹಾಫ್‌ಕಿನ್ ಎಂಬ ಪಂಡಿತರು ಮುಂಬಯಿಯಲ್ಲಿ ಸಿದ್ಧಮಾಡಿ, ೧೮೯೭ರ ಜನವರಿಯಲ್ಲಿ ಮೊದಲು ತಮ್ಮ ಮೈಯಲ್ಲಿಯೇ ಚುಚ್ಚಿಕೊಂಡು ನೋಡಿದ ಲಸಿಕೆಯನ್ನು, ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸರಕಾರಿ ವೈದ್ಯರು ಮೂವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಹಾಕಿದರು. ಅಷ್ಟೇ ಮಾಡಿದ್ದರೆ ಅದು ಇತಿಹಾಸದಲ್ಲಿ ಉಳಿಯುತ್ತಿರಲಿಲ್ಲ. ಚುಚ್ಚಿಸಿಕೊಂಡವರಲ್ಲಿ ಎಷ್ಟು ಜನ ಸತ್ತರು, ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು ಜನ ಸತ್ತರು ಎಂಬದನ್ನು ಅವರು ಸಾಲುಸಾಲಾಗಿ ಬರೆದಿಟ್ಟರು. ಸರಕಾರವು ನೇಮಿಸಿದ ಪ್ಲೇಗು ಆಯೋಗವು ಬಂದು ಆ ಅಂಕಿಗಳನ್ನೂ ಸುಮ್ಮನೆ ಒಪ್ಪಲಿಲ್ಲ. ಊರು ಬಿಟ್ಟುಹೋದವರೆಷ್ಟು, ಉಳಿದವರೆಷ್ಟು ಎಂಬದು ಸರಿಯಾಗಿ ತಿಳಿಯದೆ ಇಂಥ ಲೆಕ್ಕವು ಪೂರ್ಣವಾಗಲಾರದು. ಅಂಕಿಗಳಲ್ಲಿ ದೋಷವನ್ನು ತೋರಿಸಿ, ಆದರೂ ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುವವು, ಪೂರ್ಣ ರಕ್ಷಣೆ ಮಾತ್ರ ಇಲ್ಲ ಎಂದು ಆಯೋಗವು ತೀರ್ಮಾನಿಸಿತು. ಲಸಿಕೆಯನ್ನು ಹೊಗಳಿದವರ ಮಾತಿಗಿಂತಲೂ ದೋಷ ಹುಡುಕಿದವರ ಈ ಮಾತು ಹೆಚ್ಚು ಬೆಲೆಯುಳ್ಳದ್ದಾಯಿತು.

೧೯೦೨ರಲ್ಲಿ ಪಂಜಾಬದ ಮಲ್ಕೋವಾಲ ಎಂಬ ಹಳ್ಳಿಯಲ್ಲಿ ಇದೇ ಲಸಿಕೆಯ ಒಂದು ಶೀಸೆಯು ಕೆಟ್ಟು, ಅದರಿಂದ ಚುಚ್ಚಿಸಿಕೊಂಡ ೧೯ ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ನರು ಅಧಿಕಾರವನ್ನು ಕಳೆದುಕೊಂಡು, ೧೯೦೭ರಲ್ಲಿ ನಿರ್ದೋಷಿಯೆನಿಸಿದರು. ಔಷಧವು ಒಳ್ಳೆಯದಾಗಿದ್ದರೂ ಅದನ್ನು ಮಾಡುವ, ಇಡುವ, ಚುಚ್ಚುವ ರೀತಿಯಲ್ಲಿ ಶುಚಿತ್ವವಿಲ್ಲದಿದ್ದರೆ ಅದೇ ವಿಷವಾಗುವದೆಂಬ ಪಾಠವು ಇದರಲ್ಲಿ ಇರುವದು. ಜೀವಂತ ಕೋಶಗಳನ್ನು ಚುಚ್ಚುವ ಈ ಕಾಲಕ್ಕೆ ಈ ಪಾಠವು ಮತ್ತಷ್ಟು ಅನ್ವಯಿಸುವದು.

ಮಜ್ಜೆಯ ನಾಟಿಯ ಹೊರತಾಗಿ ಲೆಕ್ಕಕ್ಕೆ ನಿಂತ ಬೇರೆ ಚಿಕಿತ್ಸೆಗಳಿಲ್ಲವೆ? ಇರುವವು. ಎಲೆಯಡಿಕೆಯ ಸುಣ್ಣವು ಕೂಸುಗಳ ಕಣ್ಣಿಗೆ ಸಿಡಿಯುವ ಅಪಘಾತವು ನಮ್ಮ ಕಡೆಗೆ ಅಪರೂಪವಲ್ಲ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಇರುವ ಆಕರಕೋಶಗಳು ಸುಣ್ಣದಿಂದ ಸುಟ್ಟರೆ ಪಾರದರ್ಶಕ ಪಟಲವು ಮಸುಕಾಗಿ ದೃಷ್ಟಿ ಹೋಗುವದು. ಇಟಲಿಯ ಪಂಡಿತರು ೧೯೯೭ರಲ್ಲಿ, ಒಳ್ಳೆಯ ಕಣ್ಣಿನಿಂದ ಈ ಕೋಶಗಳನ್ನು ತುಸು ತೆಗೆದು ಬೆಳೆಸಿ ಸುಟ್ಟ ಕಣ್ಣಿಗೆ ಹಾಕುವ ಮಾರ್ಗವನ್ನು ತೋರಿಸಿದರು. ಹೈದರಾಬಾದಿನ ಎಲ್. ವಿ. ಪ್ರಸಾದ ನೇತ್ರಸಂಸ್ಥೆಯವರು ಈ ಶತಮಾನದ ಆದಿಯಿಂದ ಇದನ್ನು ನಡೆಯಿಸಿ, ೨೦೧೨ರಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸುವ ವೆಚ್ಚವೇ ಇಲ್ಲದ ಸುಲಭ ಪದ್ಧತಿಯೊಂದನ್ನು ಪ್ರಕಟಿಸಿದರು. ಇಲ್ಲಿಯೂ ನೋಡಿರಿ: ಕಣ್ಣಿನ ಹೆಪ್ಪು ಕಣ್ಣಿಗೇ ಹೋಯಿತು.

ನಮ್ಮ ನಾಡಿನದೇ ಇನ್ನೊಂದು ಉದಾಹರಣೆಯನ್ನು ಹೇಳುವೆನು. ಬೀಡಿ ಸೇದುವ ತರುಣರಲ್ಲಿ ಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿ, ಬೆರಳುಗಳು ಕಪ್ಪಾಗಿ, ಕಡೆಗೆ ಕಾಲನ್ನೇ ಕತ್ತರಿಸಬೇಕಾಗುವ ರೋಗವೊಂದುಂಟು. ಅದನ್ನು ೧೯೦೮ರಲ್ಲಿ ವರ್ಣಿಸಿದ ಬರ್ಗರ್ ಎಂಬವರ ಹೆಸರಿನಿಂದ ಅದನ್ನು ಕರೆಯುವರು. ನಿಪ್ಪಾಣಿಯ ತಂಬಾಕಿನ ಸೀಮೆಗೆ ನೆರೆಯವರಾದ ನಾವು ಇದನ್ನು ಅರಿತಿರಬೇಕು. ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಎಂಬ ಸಂಸ್ಥೆಯವರು ನಿರೋಗಿಗಳಾದ ದಾನಿಗಳ ಮಜ್ಜೆಯಿಂದ ರಕ್ತದ ಆಕರಕೋಶಗಳಲ್ಲದ ಬೇರೊಂದು ಜಾತಿಯ ಕೋಶಗಳನ್ನು ತೆಗೆದು ಬೆಳೆಸಿ, ರೋಗಿಯ ಮೀನಖಂಡದಲ್ಲಿ ಚುಚ್ಚುವ ಔಷಧವೊಂದನ್ನು ಸಿದ್ಧಪಡಿಸಿದರು. ೯೦ ಜನ ರೋಗಿಗಳಲ್ಲಿ ನಡೆದ ಅವರ ಪ್ರಯೋಗದ ವರದಿಯು ೨೦೧೭ರಲ್ಲಿ ಪ್ರಕಟವಾಯಿತು. ಹುಣ್ಣು ಮಾಯುವದರಲ್ಲಿಯೂ ನೋವು ತಗ್ಗುವದರಲ್ಲಿಯೂ ಲಾಭವನ್ನು ಅದು ತೋರಿಸಿತು. ಔಷಧ ನಿಯಂತ್ರಕರು ೨೦೧೬ರಲ್ಲಿ ಷರತ್ತಿನ ಮೇಲೆಯೂ ೨೦೨೦ರಲ್ಲಿ ಮುಂದುವರಿದೂ ಅಪ್ಪಣೆಯನ್ನು ಕೊಟ್ಟರು. ಈ ಕೋಶಗಳು ತಾವೇ ರಕ್ತನಾಳಗಳಾಗುವದಿಲ್ಲ. ನಾಳಗಳು ಚಿಗುರುವದಕ್ಕೆ ಬೇಕಾದ ದ್ರವ್ಯಗಳನ್ನು ಸ್ರವಿಸುವವೆಂದು ತಿಳಿಯುವರು. ಇವನ್ನು ಆಕರಕೋಶಗಳೆಂದು ಕರೆಯಬಹುದೆ ಎಂಬದರಲ್ಲಿಯೇ ಪಂಡಿತರಿಗೆ ಏಕಮತವಿಲ್ಲ. ಆ ಪ್ರಯೋಗದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಯದೃಚ್ಛೆಯಾಗಿ ಹಂಚಿರಲಿಲ್ಲವೆಂಬ ಕೊರತೆಯೂ ಉಂಟು. ಬೀಡಿಯನ್ನು ಬಿಡುವದೇ ಆ ರೋಗಕ್ಕೆ ಮೊದಲನೆಯ ಔಷಧವೆಂಬದು ಮಾತ್ರ ನಿರ್ವಿವಾದ. ಲಾಭವನ್ನೂ ಕೊರತೆಯನ್ನೂ ಹೀಗೆ ಒಟ್ಟಿಗೆ ಹೇಳಲು ಬರುವದು ಪ್ರಯೋಗವು ಬಯಲಿನಲ್ಲಿ ನಡೆದುದರಿಂದಲೇ.

ಇನ್ನೂ ಈಚಿನ ವಾರ್ತೆಯೊಂದು ವೆಲ್ಲೂರಿನದು. ಬೆಂಗಳೂರಿನಲ್ಲಿ ೨೦೦೯ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಇನ್‌ಸ್ಟೆಮ್ ಎಂಬ ಆಕರಕೋಶ ಸಂಶೋಧನಾಲಯದ ಶಾಖೆಯು ವೆಲ್ಲೂರಿನಲ್ಲಿ ಇರುವದು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ಐವರು ರೋಗಿಗಳಿಗೆ, ಅವರವರ ರಕ್ತದ ಆಕರಕೋಶಗಳಲ್ಲಿಯೇ ಇಲ್ಲದ ಅಂಶದ ಜೀನನ್ನು ಸೇರಿಸಿ ಮರಳಿ ಕೊಟ್ಟ ವರದಿಯನ್ನು ಅಲ್ಲಿಯ ವೈದ್ಯರು ೨೦೨೪ರ ಡಿಸೆಂಬರದಲ್ಲಿ ಪ್ರಕಟಿಸಿದರು. ರಕ್ತಸ್ರಾವವು ನಿಂತಿತ್ತು. ಐವರೆಂದರೆ ಐವರೇ, ಹೆಚ್ಚಿನ ಮಾತನ್ನು ಅವರೂ ಆಡಲಿಲ್ಲ.

ಹಾಗಾದರೆ ಹೊಳಪುಕಾಗದದ ಪುಸ್ತಿಕೆಗಳು ಎಲ್ಲಿಂದ ಹುಟ್ಟಿದವು? ೧೯೮೧ರಲ್ಲಿ ಇಂಗ್ಲಂಡದಲ್ಲಿ ಇಲಿಯ ಭ್ರೂಣದಿಂದಲೂ, ೧೯೯೮ರಲ್ಲಿ ಅಮೇರಿಕೆಯ ಜೇಮ್ಸ್ ಥಾಮ್ಸನ್ನರಿಂದ ಮನುಷ್ಯಭ್ರೂಣದಿಂದಲೂ, ಶರೀರದ ಯಾವ ಅಂಗದ ಕೋಶವಾದರೂ ಆಗಬಲ್ಲ ಆಕರಕೋಶಗಳನ್ನು ಬೇರ್ಪಡಿಸಲಾಯಿತು. ಜಪಾನದ ಶಿನ್ಯಾ ಯಾಮಾನಾಕಾ ಅವರು ೨೦೦೬ರಲ್ಲಿ ಇಲಿಯ ಸಾಮಾನ್ಯ ಕೋಶಗಳಲ್ಲಿ ನಾಲ್ಕು ಜೀನುಗಳನ್ನು ಸೇರಿಸಿ, ಅವು ಮತ್ತೆ ಭ್ರೂಣದ ಕೋಶಗಳಂತಾಗುವದನ್ನು ತೋರಿಸಿ, ೨೦೧೨ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಇವೆಲ್ಲ ನಿಜವಾದ, ಮಹತ್ತಾದ ಶೋಧಗಳು. ಪ್ರಯೋಗಶಾಲೆಯ ಈ ಸುದ್ದಿಯು ವರ್ತಮಾನಪತ್ರಗಳಲ್ಲಿ ಬಂದೊಡನೆ, ಅದರ ಹೆಸರನ್ನು ಎತ್ತಿಕೊಂಡು, ರೋಗಿಯ ಹೊಟ್ಟೆಯ ಕೊಬ್ಬನ್ನೋ ಮಜ್ಜೆಯನ್ನೋ ತೆಗೆದು ಯಾವ ರೋಗಕ್ಕಾದರೂ ಚುಚ್ಚುವ ಅಂಗಡಿಗಳು ದೇಶದೇಶಗಳಲ್ಲಿ ತೆರೆದವು. ಶೋಧವು ಒಂದು, ಮಾರಿದ ವಸ್ತುವು ಇನ್ನೊಂದು.

ಅದರ ಫಲವನ್ನೂ ವಾಚಕರು ತಿಳಿದಿರಬೇಕು. ಅಮೇರಿಕೆಯ ಫ್ಲಾರಿಡಾ ಪ್ರಾಂತದಲ್ಲಿ ವೃದ್ಧಾಪ್ಯದ ದೃಷ್ಟಿಮಾಂದ್ಯವಿದ್ದ ಮೂವರು ಸ್ತ್ರೀಯರಿಗೆ ಅವರದೇ ಕೊಬ್ಬಿನ ಕೋಶಗಳನ್ನು ಎರಡೂ ಕಣ್ಣುಗಳಲ್ಲಿ ಚುಚ್ಚಲಾಯಿತು. ಮೂವರೂ ಇದ್ದ ದೃಷ್ಟಿಯ ಬಹುಭಾಗವನ್ನು ಕಳೆದುಕೊಂಡರೆಂದು ೨೦೧೭ರಲ್ಲಿ ವರದಿಯಾಯಿತು. ಮಾಸ್ಕೋದಲ್ಲಿ ಭ್ರೂಣದ ನರಕೋಶಗಳನ್ನು ಚುಚ್ಚಿಸಿಕೊಂಡು ಬಂದ ಇಸ್ರೇಲದ ಬಾಲಕನೊಬ್ಬನ ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಆ ಪರಕೀಯ ಕೋಶಗಳೇ ಗಡ್ಡೆಗಳಾಗಿ ಬೆಳೆದುದು ೨೦೦೯ರಲ್ಲಿ ಪ್ರಕಟವಾಯಿತು. ೨೦೧೮ರಲ್ಲಿ ಅಮೇರಿಕೆಯಲ್ಲಿ ಹೊಕ್ಕಳಬಳ್ಳಿಯ ರಕ್ತದಿಂದ ಮಾಡಿದ್ದೆಂದು ಮಾರಿದ ಶೀಸೆಗಳಲ್ಲಿ ರೋಗಾಣುಗಳು ಸೇರಿ ಹನ್ನೆರಡು ಜನ ಆಸ್ಪತ್ರೆ ಸೇರಿದರು. ಮಲ್ಕೋವಾಲದ ಶೀಸೆಯು ನೆನಪಾಗುವದಿಲ್ಲವೆ?

ನಮ್ಮ ದೇಶದ ನಿಯಮವು ಈ ವಿಷಯದಲ್ಲಿ ಸ್ಪಷ್ಟವಾಗಿರುವದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೦೭ರಲ್ಲಿ ಮೊದಲು ಪ್ರಕಟಿಸಿ, ೨೦೧೩ರಲ್ಲಿಯೂ ೨೦೧೭ರಲ್ಲಿಯೂ ತಿದ್ದಿದ ಸೂಚನೆಗಳ ಪ್ರಕಾರ, ರಕ್ತಸಂಬಂಧದ ಒಪ್ಪಿತ ರೋಗಗಳಿಗೆ ಮಾಡುವ ಮಜ್ಜೆಯ ನಾಟಿಯಂಥ ಮನ್ನಣೆ ಪಡೆದ ಚಿಕಿತ್ಸೆಗಳನ್ನು ಬಿಟ್ಟು ಉಳಿದೆಲ್ಲವೂ ಪ್ರಯೋಗವೇ. ಪ್ರಯೋಗವೆಂದ ಮೇಲೆ ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸರಕಾರದ ಪ್ರಯೋಗ ನೋಂದಣಿಯ ಪುಸ್ತಕದಲ್ಲಿ ಅದು ದಾಖಲಾಗಿರಬೇಕು. ಹಾನಿಯಾದರೆ ಪರಿಹಾರ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೈಯೊಡ್ಡುವ ರೋಗಿಯಿಂದ ಆ ಚಿಕಿತ್ಸೆಗೆ ಹಣ ತೆಗೆದುಕೊಳ್ಳಕೂಡದು. ಆಟಿಸಂ ಇರುವ ಮಕ್ಕಳಿಗೆ ಈ ಚಿಕಿತ್ಸೆಯು ತಕ್ಕುದಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯು ೨೦೨೨ರ ಡಿಸೆಂಬರದಲ್ಲಿ ಸಾರಿತು. ಬಸುರಿಯರಿದ್ದ ಮನೆಗಳಿಗೆ ಬಂದು, ಕೂಸಿನ ಹೊಕ್ಕಳಬಳ್ಳಿಯ ರಕ್ತವನ್ನು ಅದರ ಮುಂದಿನ ಉಪಯೋಗಕ್ಕೆಂದು ಹಣ ಕೊಟ್ಟು ಕಾಯ್ದಿಡಲು ಹೇಳುವವರುಂಟು. ೧೯೮೮ರಲ್ಲಿ ಪ್ಯಾರಿಸಿನಲ್ಲಿ ತಂಗಿಯ ಹೊಕ್ಕಳಬಳ್ಳಿಯ ರಕ್ತದಿಂದ ಅಣ್ಣನೊಬ್ಬನು ಬದುಕಿದ್ದು ನಿಜ. ಆದರೆ ತನ್ನ ರಕ್ತವನ್ನೇ ತನಗಾಗಿ ಕೂಡಿಡುವದಕ್ಕೆ ಶಾಸ್ತ್ರಾಧಾರವಿಲ್ಲವೆಂದು ಅದೇ ಮಂಡಲಿಯ ಮತ. ಹುಟ್ಟಿನಿಂದ ಬಂದ ದೋಷವಾದರೆ ಅದು ಕೂಡಿಟ್ಟ ರಕ್ತದಲ್ಲಿಯೂ ಇರುವದಲ್ಲವೆ? ಅದಕ್ಕಿಂತ, ಹದಿನೆಂಟು ದಾಟಿದ ತರುಣರು ಕೆನ್ನೆಯೊಳಗಿನ ತುಸು ಲಾಲಾರಸವನ್ನು ಕೊಟ್ಟು ಮಜ್ಜೆಯ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಯಿಸಿದರೆ, ಒಡಹುಟ್ಟಿದವರು ಹೊಂದದ ಯಾವನೋ ಅಪರಿಚಿತನ ಜೀವ ಉಳಿದೀತು.

ಎಂಟು ದಿವಸಗಳಾದ ಮೇಲೆ ಗೃಹಸ್ಥರು ಬಂದಾಗ ನಾನು ಇಷ್ಟನ್ನೂ ಹೇಳಲಿಲ್ಲ. ಮೂರು ಪ್ರಶ್ನೆಗಳನ್ನು ಬರೆದುಕೊಟ್ಟೆನು. ಈ ರೋಗಕ್ಕೆ ಇದು ಮನ್ನಣೆ ಪಡೆದ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವಾದರೆ ಅದರ ನೋಂದಣಿಯ ಅಂಕೆ ಯಾವುದು, ಹಣವೇಕೆ? ಈ ವರೆಗೆ ಎಷ್ಟು ಮಕ್ಕಳಿಗೆ ಕೊಟ್ಟಿರಿ, ಅವರಲ್ಲಿ ಗುಣವಾದವರೆಷ್ಟು, ಆಗದವರೆಷ್ಟು, ಅದು ಎಲ್ಲಿ ಪ್ರಕಟವಾಗಿದೆ? ಅವರು ಇದನ್ನೇ ಕಾಗದ ಬರೆದು ಕೇಳಿದರು. ಉತ್ತರವು ಬೇಗನೆ ಬಂದಿತು. ಮೂರರಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ಆ ತಿಂಗಳೊಳಗೆ ಹಣ ಕಟ್ಟಿದರೆ ಎರಡು ಲಕ್ಷ ಕಡಿಮೆ ಮಾಡುವೆವೆಂದು ಇತ್ತು.

ಕಾಗದವನ್ನು ನನ್ನ ಮುಂದೆ ಇಟ್ಟು ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಕಡೆಗೆ, “ಹೊಲಾ ಉಳೀತ್ರಿ ಮಾಸ್ತರ. ಹುಡುಗನ್ನ ಉಳಸೂದು ಹೆಂಗ್ರಿ?” ಎಂದರು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇತಿಹಾಸದಲ್ಲಿಯೂ ಇಲ್ಲ. ಡುಶೆನ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಇಂದಿಗೂ ಇಲ್ಲ. ಆದರೆ ಮಾಡತಕ್ಕದ್ದು ಏನೂ ಇಲ್ಲವೆಂದಲ್ಲ. ವೈದ್ಯಮಿತ್ರರು ಹುಡುಗನನ್ನು ನೋಡಿ, ಬಲಗುಂದುವ ವೇಗವನ್ನು ತಗ್ಗಿಸುವ ಸ್ಟಿರಾಯ್ಡ್ ಗುಳಿಗೆಗಳನ್ನು ಆರಂಭಿಸಿದರು. ಕೀಲುಗಳು ಬಿಗಿಯದಂತೆ ದಿನಾಲು ಮಾಡಿಸಬೇಕಾದ ವ್ಯಾಯಾಮವನ್ನು ತಾಯಿಗೆ ಕಲಿಸಿದರು. ವರುಷಕ್ಕೊಮ್ಮೆ ಹೃದಯವನ್ನೂ ಉಸಿರಾಟವನ್ನೂ ಪರೀಕ್ಷಿಸಬೇಕೆಂದು ಹೇಳಿದರು. ಈ ರೋಗವು ಬಹುಮಟ್ಟಿಗೆ ತಾಯಿಯ ಕಡೆಯಿಂದ ಬರುವದರಿಂದ ಮನೆಯ ಹೆಣ್ಣುಮಕ್ಕಳ ಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ಯಾರ ತಪ್ಪೂ ಇಲ್ಲವೆಂದು ಅತ್ತೆಯವರ ಎದುರಿಗೇ ತಿಳಿಸಿ ಹೇಳಿದರು. ಶಾಲೆಯವರು ಅವನ ಇಯತ್ತೆಯನ್ನು ಮಾಳಿಗೆಯಿಂದ ಕೆಳಗಿನ ಕೋಣೆಗೆ ತಂದರು. ಇದಿಷ್ಟಕ್ಕೂ ಆದ ವೆಚ್ಚವು ಪುಸ್ತಿಕೆಯವರು ಕಡಿಮೆ ಮಾಡುವೆವೆಂದ ಹಣಕ್ಕಿಂತ ಬಹಳ ಕಡಿಮೆ.

ಮುಂದೆ ಒಂದು ದಿವಸ ಈ ರೋಗಕ್ಕೂ ನಿಜವಾದ ಚಿಕಿತ್ಸೆಯು ಬಂದೀತು. ಹಾಗೆ ಬಂದರೆ ಅದು ಬಚ್ಚಿಟ್ಟ ಲೆಕ್ಕದಿಂದ ಬರಲಾರದು. ಥಾಮಸರ ಆರು ರೋಗಿಗಳಂತೆ, ಹುಬ್ಬಳ್ಳಿಯ ಸಾಲುಸಾಲು ಅಂಕಿಗಳಂತೆ, ಎಲ್ಲರೂ ನೋಡಿ ತಪ್ಪು ಹುಡುಕಬಹುದಾದ ಲೆಕ್ಕದಿಂದಲೇ ಬರಬೇಕು. ಅಲ್ಲಿಯ ವರೆಗೆ ಆಸೆಯನ್ನು ಬಿಡಬೇಕೆಂದು ನಾನು ಯಾವ ತಂದೆತಾಯಿಗೂ ಹೇಳಲಾರೆನು. ಆಸೆಯ ಹೆಸರಿನಲ್ಲಿ ಹೊಲ ಮಾರುವ ಮುಂಚೆ ಈ ಮೂರು ಪ್ರಶ್ನೆಗಳನ್ನು ಕೇಳಿರೆಂದಷ್ಟೇ ಬೇಡುವೆನು. ಗೃಹಸ್ಥರ ಆ ನಾಲ್ಕು ಎಕರೆಯಲ್ಲಿ ಹಿಂಗಾರಿ ಜೋಳವು ಬಂದಿತು. ಎಳೆಯ ತೆನೆಗಳನ್ನು ಸುಟ್ಟು ಮಾಡಿದ ಸೀತನಿಯನ್ನು ಹುಡುಗನು ತಾನೇ ಕಟ್ಟಿ ನನಗೆ ಕಳುಹಿಸಿದ್ದನು.